ಕುಚ್ಚು ಕಟ್ಟಿದ ಕಪ್ಪು ಶೂ

ಅವನು ಹೆಂಗಸರ ಶೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ!

ಪ್ರಣತಿ ಇನ್ನೊಮ್ಮೆ ನೋಡಿದಳು. ಹೌದು... ಆರಡಿ ಎತ್ತರದ ಗಂಡಸು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡಿದ್ದಾನೆ. ಮೊಣಕಾಲಿನವರೆಗೂ ಏರಿದ ದಪ್ಪ ಉಣ್ಣೆಯ ಸಾಕ್ಸ್. ವರ್ಷವಿಡೀ ಬೇಯುವ ಈ ದ್ವೀಪದೇಶದಲ್ಲಿ, ಬೂನ್ ಲೇಯ ಈ ಸೆಕೆಯಲ್ಲಿ ಉಣ್ಣೆ! ಪಾದಕ್ಕೆ ಉದ್ದ ಲೇಸಿನ ಲೇಡೀಸ್ ಶೂ. ಆ ಲೇಸನ್ನು ಕಣಕಾಲಿಗೆ ಸುತ್ತಿಕೊಳ್ಳಲು ಒದ್ದಾಡುತ್ತಿದ್ದಾನೆ.

ಗೆಳತಿಯ ಮಗುವಿನ ಹುಟ್ಟುಹಬ್ಬಕ್ಕೆ ಪುಟ್ಟ ಶೂ ಕೊಳ್ಳಲೆಂದು ಆ ಮಾಲಿಗೆ ಬಂದಿದ್ದಳು ಅವಳು. ಮಗುವಿನ ಶೂ ಮರೆತೇ ಹೋಯಿತು.

"ಲೇಡೀಸ್ ಫಾರ್ಟಿ ಟೂ ಬಿಗ್ಗೆಸ್ಟ್ ಲಾ," ಎಂದಳು ಇಂಗ್ಲಿಷಿನಲ್ಲಿ ಅಂಗಡಿಯ ಹುಡುಗಿ ನಗು ನುಂಗಿಕೊಂಡು.

"ಅಯ್ಯೋ ಕರ್ಮವೇ!" ಎಂದು ಗೊಣಗಿದ ಅವನು.

ಕನ್ನಡ! ಪ್ರಣತಿಗೆ ಸುಮ್ಮನಿರಲು ಆಗಲಿಲ್ಲ.

"ಕನ್ನಡದವರಾ ನೀವು?"

ಅವನು ತಿರುಗಿದ. ಅವಳ ಮುಖ ನೋಡಿದ್ದೇ ತಡ, ಮೈಯಲ್ಲಿನ ರಕ್ತವೆಲ್ಲ ಇಳಿದುಹೋದವನ ಹಾಗೆ ಬಿಳಿಚಿಕೊಂಡ.

"ಹ್ಞಾಂ... ಇದು... ಇದು ತಂಗಿಗೆ! ನನ್ನ ತಂಗಿಗೆ. ಅವಳ ಕಾಲೂ ನನ್ನಷ್ಟೇ ದೊಡ್ಡದು..."

ಅಷ್ಟು ಹೇಳಿ ಶೂ ಕಳಚಿ, ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದ. ಹುಚ್ಚನೋ, ಕಳ್ಳನೋ ತಿಳಿಯಲಿಲ್ಲ. ಕಣ್ಣು ಮಾತ್ರ ಚೆನ್ನಾಗಿದ್ದವು ಎಂದು ಅವಳ ಮನಸ್ಸು ತನ್ನ ಪಾಡಿಗೆ ತಾನು ಗುರುತು ಹಾಕಿಕೊಂಡಿತು.

*

ಮುಂದಿನ ಭಾನುವಾರ ಟ್ಯಾಂಪಿನೀಸ್‌ನ ಅವಳ ಮನೆಗೆ ಗಂಡಿನ ಕಡೆಯವರು ಬರುವವರಿದ್ದರು.

"ಫೋಟೋ ಆದ್ರೂ ನೋಡೇ, ಮಹರಾಯ್ತಿ!" ಎಂದು ಅಮ್ಮ ಶೋಭಾ ವಾರದಿಂದ ಗೋಗರೆದಿದ್ದರು.

"ಫೋಟೋ ನೋಡಿ ಮೋಸ ಹೋಗಿದ್ದು ಒಂದ್ಸಲ ಸಾಕಮ್ಮ."

ಅಮ್ಮ ಫೋಟೋ ಎತ್ತಿಟ್ಟರು.

ಎರಡು ವರ್ಷದ ಹಿಂದೆ ಪ್ರಣತಿಗೆ ಕುನಾಲ್ ಎಂಬವನ ಜೊತೆ ನಿಶ್ಚಿತಾರ್ಥ ಆಗಿತ್ತು. "ಆಫೀಸಲ್ಲಿದೀನಿ" ಎಂದು ಅವನು ಹೇಳಿದ ಒಂದು ಮಧ್ಯಾಹ್ನ ಇವಳು ತಿಂಡಿ ಡಬ್ಬಿ ಇಟ್ಟು ಬರಲು ಅವನ ಮನೆಗೆ ಹೋದರೆ, ಬಾಗಿಲ ಮುಂದೆ ಕೆಂಪು ಪಟ್ಟಿಯ ಸ್ಯಾಂಡಲ್ಸ್! ಪಕ್ಕದಲ್ಲೇ ಅವನ ಶೂ. ಯಾರ ಮನೆಗೆ ಹೋದರೂ ಬಾಗಿಲ ಮುಂದಿನ ಚಪ್ಪಲಿ ಎಣಿಸಿ, ಒಳಗೆ ಯಾರು ಯಾರಿದ್ದಾರೆಂದು ಬೆಲ್ ಒತ್ತುವ ಮೊದಲೇ ತಿಳಿದುಕೊಳ್ಳುವುದು ಅವರ ಮನೆಯ ಹೆಂಗಸರ ಹಳೆಯ ಅಭ್ಯಾಸ. ಅವತ್ತು ಆ ಅಭ್ಯಾಸವೇ ಅವಳನ್ನು ಉಳಿಸಿತು. ಅದಕ್ಕೆ ಮೊದಲು ಕುನಾಲ್ ಹೇಳಿದ್ದ ಹತ್ತಾರು ಸಣ್ಣ ಸುಳ್ಳುಗಳನ್ನು ಅವಳು ನಕ್ಕು ಬಿಟ್ಟಿದ್ದಳು.

ಇನ್ನು ಸಣ್ಣ ಸುಳ್ಳನ್ನೂ ಬಿಡುವುದಿಲ್ಲ ಎಂದು ಅಂದೇ ಶಪಥ ಮಾಡಿದ್ದಳು. ಕೆಲಸವೂ ಅದಕ್ಕೆ ತಕ್ಕಂತೆಯೇ ಇತ್ತು. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಹೊಸ ಗ್ರಾಹಕರ ಸಹಿ, ಫೋಟೋ, ವಿಳಾಸ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವುದೇ ಅವಳ ದಿನನಿತ್ಯದ ಪಾಡು.

ಬೆಲ್ ಆಯಿತು. ಮೈಸೂರಿನಿಂದ ಬಂದಿದ್ದ ಕೌಸಲ್ಯಾ ಎಂಬ ಹೆಂಗಸು ನಗುತ್ತಾ ಒಳಗೆ ಬಂದರು. ಅವರ ಹಿಂದೆ ಮಗ ಗಿರಿಧರ್.

ಅವನೇ! ಹೆಂಗಸರ ಶೂ!

ಅಪ್ಪ ರಘುನಾಥ್ "ಜುರಾಂಗ್‌ನಲ್ಲಿ ಎಂಜಿನಿಯರ್, ಬೂನ್ ಲೇಯಲ್ಲಿ ಮನೆ" ಎಂದೆಲ್ಲ ವಿವರಿಸುತ್ತಿದ್ದರೆ ಗಿರಿಧರ್ ಕೇಸರಿಬಾತಿನ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಪ್ರಣತಿ ಮಾತ್ರ ಬಹಳ ಮುದ್ದಾಗಿ ಕೇಳಿದಳು.

"ಆಂಟಿ, ಇವರ ತಂಗಿ ಬರ್ಲಿಲ್ವಾ?"

"ತಂಗಿನಾ? ಇವ್ನು ಒಬ್ನೇ ಮಗ ಕಣಮ್ಮ. ಅಕ್ಕತಂಗಿ ಯಾರೂ ಇಲ್ಲ."

ಗಿರಿಧರನಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಶೋಭಾ ಗಾಬರಿಯಿಂದ ನೀರು ತಂದರು.

ದೊಡ್ಡವರು ಇಬ್ಬರನ್ನೂ ಮಾತಾಡಿಕೊಂಡು ಬನ್ನಿ ಎಂದು ಕಟ್ಟಡದ ಬುಡದಲ್ಲಿ ಎಲ್ಲರೂ ಕೂರುವ ತೆರೆದ ಜಾಗವಾದ ವಾಯ್ಡ್ ಡೆಕ್‌ಗೆ ಕಳಿಸಿದರು. ಕಲ್ಲುಬೆಂಚಿನ ಮೇಲೆ ಕೂರುವ ಮೊದಲೇ ಅವಳು ಶುರು ಮಾಡಿದಳು.

"ಯಾರು ಆ ತಂಗಿ?"

"ಸುಳ್ಳು ಹೇಳಿದ್ದು ತಪ್ಪು, ಸಾರಿ. ಕಾರಣ ಈಗ ಹೇಳಕ್ಕಾಗಲ್ಲ... ಅಮ್ಮನಿಗೆ ಮಾತು ಕೊಟ್ಟಿದೀನಿ. ಅವ್ರನ್ನ ಒಪ್ಪಿಸೋಕೆ ಸ್ವಲ್ಪ ಟೈಮ್ ಬೇಕು. ನವೆಂಬರ್ ಕೊನೇ ಶನಿವಾರದ ಹೊತ್ತಿಗೆ ಎಲ್ಲಾ ಹೇಳ್ತೀನಿ."

"ಅಲ್ಲೀವರೆಗೂ?"

"ಅಲ್ಲೀವರೆಗೂ ನೀವು ಯೆಸ್ ಅನ್ಬೇಡಿ. ನೋ ಕೂಡ ಅನ್ಬೇಡಿ... ಪ್ಲೀಸ್."

ತಪ್ಪು ಮಾಡಿದವನು ತಪ್ಪು ಎಂದು ಇಷ್ಟು ನೇರವಾಗಿ ಒಪ್ಪಿಕೊಂಡಿದ್ದನ್ನು ಅವಳು ಕುನಾಲ್ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆದರೂ... ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ ಅಲ್ಲವೇ?

*

ಕೌಸಲ್ಯಾ ಮೈಸೂರಿಗೆ ಮರಳಿದರು. ಇವರಿಬ್ಬರೂ ಭೇಟಿಯಾಗುತ್ತಾ ಹೋದರು. ಅವಳು ಅವನನ್ನು ಪರೀಕ್ಷಿಸಲು ಹೋಗುತ್ತಿದ್ದಳು, ಹಾಗೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪರೀಕ್ಷೆಗೆ ಹೋಗುವವಳಿಗೆ ಅಷ್ಟು ಹೊತ್ತು ಕನ್ನಡಿ ಏಕೆ ಬೇಕಿತ್ತೋ, ಅದನ್ನು ಅವಳನ್ನೇ ಕೇಳಬೇಕು!

ಅವನು ಸಾಲು ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಅವಳ ತಟ್ಟೆಯ ಮೆಣಸಿನಕಾಯಿಯನ್ನು ಹೇಳದೆಯೇ ತನ್ನ ತಟ್ಟೆಗೆ ಎತ್ತಿಕೊಳ್ಳುತ್ತಿದ್ದ. ಪಶ್ಚಿಮದ ತುದಿಯ ಬೂನ್ ಲೇಯಿಂದ ಪೂರ್ವದ ತುದಿಯ ಟ್ಯಾಂಪಿನೀಸ್‌ವರೆಗೂ ರೈಲಿನಲ್ಲಿ ಅವಳನ್ನು ಬಿಟ್ಟು, ಮತ್ತೆ ಅಷ್ಟೇ ದೂರ ಒಬ್ಬನೇ ಹಿಂತಿರುಗುತ್ತಿದ್ದ. ಕೂತಲ್ಲಿ ಬೆರಳುಗಳನ್ನು ತೊಡೆಯ ಮೇಲೆ ಯಾವುದೋ ಲೆಕ್ಕಕ್ಕೆ ಕುಣಿಸುತ್ತಿದ್ದ. ಏನದು ಎಂದರೆ "ಅಭ್ಯಾಸ" ಎನ್ನುತ್ತಿದ್ದ.

ಶನಿವಾರ ಮಾತ್ರ ಅವನು ಸಿಗುತ್ತಿರಲಿಲ್ಲ. ಮಧ್ಯಾಹ್ನ ಮೂರರಿಂದ ಆರರವರೆಗೆ ಫೋನ್ ಆಫ್. ಪ್ರತಿ ವಾರ!

*ಮೂರು ಗಂಟೆ ಹೊತ್ತು ಎಲ್ಲಿಗೆ ಹೋಗ್ತಾನೆ? ಯಾರ ಹತ್ರ?*

ಒಮ್ಮೆ ಕಾಫಿ ತರಲು ಎದ್ದವನ ಜೇಬಿನಿಂದ ಚೀಟಿಯೊಂದು ಬಿತ್ತು. ಡ್ರೈಕ್ಲೀನರ್ ಅಂಗಡಿಯ ರಸೀದಿ. ಎತ್ತಿ ಓದಿದಳು.

*ನೆರಿಗೆ ಸ್ಕರ್ಟ್, ಉಣ್ಣೆ, ಒಂದು.*

ಮೊದಲು ಹೆಂಗಸರ ಶೂ. ಈಗ ಸ್ಕರ್ಟ್. ತನ್ನ ಬಟ್ಟೆಯನ್ನು ಡ್ರೈಕ್ಲೀನ್ ಮಾಡಿಸಿಕೊಡು ಎನ್ನುವಷ್ಟು ಸಲುಗೆಯ ಹೆಣ್ಣು ಯಾರು?

ಅವನು ಕಾಫಿ ಇಟ್ಟ. ಅವಳು ಚೀಟಿಯನ್ನು ಅವನ ಮುಂದೆ ಸರಿಸಿದಳು. ಅವನ ಕಿವಿ ಕೆಂಪಾದವು.

"ಕೊನೇ ಶನಿವಾರ..." ಎಂದ ಮೆಲ್ಲಗೆ.

"ಗೊತ್ತು ಬಿಡಿ. ಕ್ಯಾಲೆಂಡರ್ ನಮ್ಮನೇಲೂ ಇದೆ!"

ಅವತ್ತು ಅವಳು ಅವನನ್ನು ಟ್ಯಾಂಪಿನೀಸ್‌ವರೆಗೆ ಬರಗೊಡಲಿಲ್ಲ. ರೈಲಿನಲ್ಲಿ ಒಬ್ಬಳೇ ಕೂತು ಅತ್ತಳು. ಅಳು ಬಂದದ್ದು ಅವನ ಮೇಲಿನ ಸಿಟ್ಟಿಗಲ್ಲ... ತನಗೆ ಅವನು ಇಷ್ಟವಾಗಿಬಿಟ್ಟಿದ್ದಾನೆ ಎಂಬುದಕ್ಕೆ.

*

ಕೊನೆಯ ಶನಿವಾರಕ್ಕೆ ಮೂರು ದಿನ ಉಳಿದಿತ್ತು. ಶೋಭಾ ಮಾಡಿದ ಕೋಡುಬಳೆಯ ಡಬ್ಬಿ ಹಿಡಿದು ಪ್ರಣತಿ ಹೇಳದೆ ಕೇಳದೆ ಬೂನ್ ಲೇಗೆ ಹೋದಳು. ಕೋಡುಬಳೆ ನೆಪವಷ್ಟೇ.

ಏಳನೇ ಮಹಡಿಯ ಕಾರಿಡಾರ್. ಅವನ ಬಾಗಿಲ ಮುಂದೆ ಹಳೆಯ ಪೇಪರ್ ಹಾಸಿ, ಅದರ ಮೇಲೆ ಒಂದು ಜೊತೆ ಶೂ ಇಟ್ಟಿತ್ತು.

ಆಗಷ್ಟೇ ಪಾಲಿಶ್ ಕಂಡ ಕಪ್ಪು ಚರ್ಮ. ಪುಟ್ಟ ಅಳತೆ, ಆರು ಇದ್ದರೆ ಹೆಚ್ಚು. ಪಾದದ ಮೇಲ್ಭಾಗವೆಲ್ಲ ತೆರೆದಿದೆ. ಗಜಗಟ್ಟಲೆ ಲೇಸು. ಆ ಲೇಸಿನ ತುದಿಯಲ್ಲಿ...

ಕುಚ್ಚು!

ಟ್ಯಾಂಪಿನೀಸ್‌ನ ಕನ್ನಡದ ಹೆಂಗಸರ ಸೀರೆಗಳಿಗೆಲ್ಲ ಸೆರಗಿನ ಕುಚ್ಚು ಕಟ್ಟಿಕೊಡುತ್ತಿದ್ದವರು ಅವಳ ಅಮ್ಮ. ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ಪ್ರಣತಿ ಆ ದಾರಗಳ ನಡುವೆಯೇ ಬೆಳೆದವಳು. ಯಾವ ಗಂಡಸು ಕಾಲಿಗೆ ಕುಚ್ಚು ಕಟ್ಟಿಕೊಳ್ಳುತ್ತಾನೆ? ಒಳಗೆ ಯಾರೋ ಹೆಣ್ಣಿದ್ದಾಳೆ. ಬಹಳ ಒಪ್ಪ ಓರಣದ, ಪುಟ್ಟ ಪಾದದ ಹೆಣ್ಣು.

ಬೆಲ್ಲಿನ ಹತ್ತಿರ ಹೋದ ಬೆರಳು ಹಾಗೇ ಹಿಂದೆ ಬಂತು. ಮತ್ತೆ ಅದೇ ಬಾಗಿಲು, ಅದೇ ಚಪ್ಪಲಿ, ಅದೇ ಮೂರ್ಖ ಹುಡುಗಿ! ಅವಳು ಶೂಗಳ ಫೋಟೋ ತೆಗೆದುಕೊಂಡು ಕೋಡುಬಳೆಯ ಸಮೇತ ಹಿಂತಿರುಗಿದಳು.

ಮನೆ ಸೇರಿದ ಮೇಲೆ ಫೋಟೋ ಕಳಿಸಿದಳು. *ಇದು ಯಾರದ್ದು?*

ಉತ್ತರ ತಕ್ಷಣ ಬಂತು. *ನಮ್ಮಪ್ಪನದ್ದು.*

ಪ್ರಣತಿಗೆ ಸಿಟ್ಟು ನೆತ್ತಿಗೇರಿತು. ಅವನ ಅಪ್ಪ ನಾಗೇಶ ತೀರಿಕೊಂಡು ಆರು ವರ್ಷವಾಗಿತ್ತು. ಸುಳ್ಳು ಹೇಳಲು ಸತ್ತ ತಂದೆಯೇ ಬೇಕಾಯಿತೇ?

*ಸುಳ್ಳಿಗೂ ಒಂದು ಮಿತಿ ಬೇಡ್ವಾ ಗಿರಿಧರ್?* ಎಂದು ಬರೆದು, ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಅವರಿಗೆ ಬೇಡ ಅಂತ ಹೇಳ್ಬಿಡು."

"ಯಾಕೇ? ಏನಾಯ್ತೇ?"

ಅವಳು ಹೇಳುವಷ್ಟರಲ್ಲಿ ಫೋನ್ ಮತ್ತೆ ಮಿಣುಕಿತು.

*ನೀವು ನಂಬಲ್ಲ ಅಂತ ಗೊತ್ತು. ಶನಿವಾರ ನಾಲ್ಕು ಗಂಟೆಗೆ ಬೊಟಾನಿಕ್ ಗಾರ್ಡನ್ಸ್, ದೊಡ್ಡ ಹುಲ್ಲುಹಾಸಿನ ಪಕ್ಕದ ಬಿಳಿ ಟೆಂಟ್. ಕಣ್ಣಾರೆ ನೋಡಿ. ಆಮೇಲೆ ನೀವು ಬೇಡ ಅಂದ್ರೆ ನಾನೇ ಅಮ್ಮನಿಗೆ ಹೇಳ್ತೀನಿ.*

"ಶನಿವಾರದವರೆಗೆ ತಡಿ," ಎಂದಳು ಅಮ್ಮನಿಗೆ.

*

ಶನಿವಾರ. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಟೆಂಟಿನ ಪರದೆ ಸರಿಸಿ ಪ್ರಣತಿ ಕೈಕಟ್ಟಿ ನಿಂತಳು.

ಗಿರಿಧರ್ ಸ್ಕರ್ಟ್ ಹಾಕಿಕೊಂಡಿದ್ದ!

ಹಸಿರು ನೀಲಿ ಚೌಕುಳಿಯ, ಹಿಂದೆಲ್ಲ ನೆರಿಗೆ ಹಿಡಿದ ಉಣ್ಣೆಯ ಉಡುಪು. ಮೊಣಕಾಲಿನವರೆಗೆ ಅದೇ ಸಾಕ್ಸ್. ತೋಳಿನ ಕೆಳಗೆ ಚೀಲದಂಥ ವಾದ್ಯ, ಭುಜದ ಮೇಲೆ ಅದರ ಮೂರು ಕೊಳವೆ. ಸುತ್ತ ಇನ್ನೂ ಹತ್ತು ಹನ್ನೆರಡು ಜನ ಗಂಡಸರು, ಹೆಂಗಸರು, ಎಲ್ಲರದ್ದೂ ಅದೇ ವೇಷ. ಬ್ಯಾಗ್‌ಪೈಪ್ ತಂಡ. ಶನಿವಾರಗಳ ಆ ಮೂರು ಗಂಟೆ ಇದರ ಅಭ್ಯಾಸಕ್ಕೆ, ಇವತ್ತು ಪ್ರದರ್ಶನ. ಅವನು ಉಟ್ಟಿದ್ದು ಸ್ಕರ್ಟ್ ಅಲ್ಲ, ಸ್ಕಾಟ್ಲೆಂಡಿನ ಗಂಡಸರು ತೊಡುವ ಕಿಲ್ಟ್!

ಅವನ ಕಾಲಿಗೆ ಕುಚ್ಚಿನ ಶೂ ಇತ್ತು. ಎರಡು ಹೆಜ್ಜೆ ಇಟ್ಟವನು ಹಲ್ಲು ಕಚ್ಚಿ ನಿಂತ. ಹಿಮ್ಮಡಿಯ ಬಳಿ ಬಿಳಿ ಸಾಕ್ಸಿನ ಮೇಲೆ ರಕ್ತದ ಕಲೆ ಹರಡಿತ್ತು.

"ತೆಗೀರಿ ಆ ಶೂನ! ನಿಮ್ದು ಒಂಬತ್ತು, ಇದು ಆರು. ನಾಲ್ಕು ವಾರದಿಂದ ಬಡ್ಕೊಂಡೆ," ಎಂದು ಬೈಯುತ್ತಿದ್ದರು ತಂಡದ ಗುರು ಬದರಿನಾಥ್ ಅಂಕಲ್. "ಬಂದಾಗ ಹಾಕ್ಕೊಂಡಿದ್ರಲ್ಲ ಕಪ್ಪು ಆಫೀಸ್ ಶೂ, ಸಾಕು ಅದು. ಕಿಲ್ಟಿಗೆ ಸ್ನೀಕರ್ ಬೇಡ, ಕಂದು ಬಣ್ಣ ಬೇಡ. ಪ್ಲೇನ್ ಕಪ್ಪು ಲೇಸ್ ಶೂಗೆ ಯಾರೂ ಏನೂ ಅನ್ನಲ್ಲ."

"ಆಗಲ್ಲ ಅಂಕಲ್. ಇದನ್ನೇ ಹಾಕ್ಬೇಕು."

ಆಗ ಅವನು ಅವಳನ್ನು ಕಂಡ. ಅಂಕಲ್ ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಆಚೆ ಸರಿದರು.

"ಶೂ ಕೊಡಿ," ಎಂದಳು ಪ್ರಣತಿ.

ಅವನು ಕುರ್ಚಿಯ ಮೇಲೆ ಕೂತು ಕಳಚಿ ಕೊಟ್ಟ. ಅವಳು ಬ್ಯಾಂಕಿನಲ್ಲಿ ಪಾಸ್‌ಪೋರ್ಟ್ ನೋಡುವ ಕಣ್ಣಿನಲ್ಲೇ ಅದನ್ನು ತಿರುಗಿಸಿ ನೋಡಿದಳು. ಅಟ್ಟೆಗೆ ನೆಲ ಸೋಕಿದ ಗುರುತು ಹೆಚ್ಚಿಲ್ಲ. ಒಳಗೆ, ಹಿಮ್ಮಡಿಯ ಚರ್ಮದ ಮೇಲೆ, ಬಾಲ್‌ಪೆನ್ನಿನ ಮಾಸಿದ ಕನ್ನಡ ಅಕ್ಷರ: *ನಾಗೇಶ*.

ಆ ಹೆಸರಿನ ಮೇಲೆ ಅವಳು ಬೆರಳಾಡಿಸಿದಳು.

"ಅಪ್ಪ ಮೈಸೂರಲ್ಲಿ ಬ್ಯಾಂಡಲ್ಲಿ ಇದೇ ಊದ್ತಿದ್ರು," ಎಂದ ಗಿರಿಧರ್. "ಕಿಲ್ಟ್ ಇತ್ತು, ಕಾಲಿಗೆ ಮಾತ್ರ ದಪ್ಪ ಬೂಟು. ಇಂಥ ಶೂ ಹಾಕ್ಕೊಂಡು ಒಂದ್ಸಲ ನಡೀಬೇಕು ಅಂತ ಅವ್ರಿಗೆ ಆಸೆ. ಸ್ಕಾಟ್ಲೆಂಡಿಂದ ಬಂದಿದ್ದ ಒಬ್ರು ಅವ್ರ ವಾದ್ಯ ಕೇಳಿ ಖುಷಿಯಾಗಿ ಊರಿಗೆ ಹೋದ್ಮೇಲೆ ಪಾರ್ಸೆಲ್ ಕಳ್ಸಿದ್ರು. ಅದು ಬಂದಾಗ ಅಪ್ಪ ಆಸ್ಪತ್ರೇಲಿದ್ರು. ಹಾಸಿಗೆ ಮೇಲೇ ಕೂತು ಹೆಸ್ರು ಬರೆದ್ರು, ಲೇಸ್ ಪೋಣ್ಸಿದ್ರು... ಹಾಕ್ಕೊಂಡು ನಡೀಲಿಲ್ಲ. ನಾನು ನಡೀತೀನಪ್ಪ ಅಂತ ಮಾತು ಕೊಟ್ಟಿದ್ದೆ. ಕಾಲು ನೋಡಿದ್ರೆ ಅಮ್ಮನ ಕಡೆಯೋರ್ದು, ದೊಡ್ಡದು."

"ಮತ್ತೆ ಅಂಗಡೀಲಿ ಹೆಂಗಸರ ಶೂ?"

"ನೋಡೋಕೆ ಇದೇ ಥರ ಇತ್ತು. ಇಲ್ಲಿ ಇದು ಎಲ್ಲೂ ಸಿಗಲ್ಲ. ಅದೂ ಹಿಡೀಲಿಲ್ಲ."

"ಇಷ್ಟಕ್ಕೆ ಯಾಕೆ ಮುಚ್ಚಿಡ್ಬೇಕಿತ್ತು?"

ಅವನು ತಲೆ ತಗ್ಗಿಸಿದ. "ಮುಂಚೆ ಎರಡು ಕಡೆ ಹೆಣ್ಣು ನೋಡಿದ್ವಿ. ಬ್ಯಾಂಡಿನವ್ನ ಮಗ, ಲಂಗ ಹಾಕ್ಕೊಂಡು ಕುಣಿಯೋ ಹುಡುಗ ಅಂತ ನಕ್ಕು ಬೇಡ ಅಂದ್ರು. ಅಪ್ಪನ ಬಗ್ಗೆ ಅಂದಿದ್ದು ಅಮ್ಮನಿಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಮದುವೆ ಗಟ್ಟಿ ಆಗೋವರೆಗೂ ಬಾಯಿ ಬಿಡಬೇಡ ಅಂತ ಆಣೆ ಹಾಕ್ಸಿದ್ರು. ನಿಮ್ಮ ಫೋಟೋ ಬಂದು ಎರಡು ದಿನ ಆಗಿತ್ತು ಆಗ. ಅಂಗಡೀಲಿ ತಿರುಗಿ ನೋಡಿದ್ರೆ... ನೀವೇ! ಬಾಯಿಗೆ ಬಂದಿದ್ದು ತಂಗಿ."

ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಫೋಟೋ ನೋಡದೆ ಹಟ ಹಿಡಿದು ಕೂತವಳು ಅವಳು!

"ಆಣೆ ಅಂದ್ರಲ್ಲ, ಈಗ ಹೇಗೆ ಬಾಯಿ ಬಿಟ್ರಿ?"

"ನಿನ್ನೆ ಅಮ್ಮನಿಗೆ ಫೋನ್ ಮಾಡ್ದೆ. ಮುಚ್ಚಿಟ್ಟು ಆಗೋ ಮದುವೆ ನಂಗೆ ಬೇಡಮ್ಮ ಅಂದೆ. ತುಂಬ ಹೊತ್ತು ಅತ್ರು. ಆಮೇಲೆ, ಸರಿ, ಹೇಳು ಅಂದ್ರು."

"ಇನ್ನೇನಾದ್ರೂ ಮುಚ್ಚಿಟ್ಟಿದೀರಾ?"

"ಒಂದಿದೆ." ಅವನು ಕಣ್ಣೆತ್ತಿ ನೋಡಿದ. "ನೋ ಅಂದ್ರೆ ನಾನೇ ಅಮ್ಮನಿಗೆ ಹೇಳ್ತೀನಿ ಅಂದ್ನಲ್ಲ... ಹೇಳೋ ಶಕ್ತಿ ನಂಗಿಲ್ಲ ಪ್ರಣತಿ. ನಿಮ್ಮನ್ನ ತುಂಬ ಪ್ರೀತಿಸ್ತಿದೀನಿ."

ಎರಡು ವರ್ಷದಿಂದ ಹೊತ್ತುಕೊಂಡಿದ್ದ ಅನುಮಾನ ಒಂದೇ ಏಟಿಗೆ ಇಳಿಯುತ್ತದೆಯೇ? ಅವಳ ಕಣ್ಣು ಅವನ ಮುಖ ಬಿಟ್ಟು ಹಿಮ್ಮಡಿಯ ರಕ್ತಕ್ಕೆ ಹೋಯಿತು. ಅಲ್ಲಿಂದ ಮೂಲೆಯಲ್ಲಿದ್ದ ಅವನ ಆಫೀಸ್ ಶೂಗೆ. ಅಲ್ಲಿಂದ ಕೈಯಲ್ಲಿದ್ದ ಶೂಗೆ. ಅದರ ಒಂದು ಕುಚ್ಚು ಬಿಚ್ಚಿ ಎಳೆ ಎಳೆಯಾಗಿತ್ತು.

ಹೊರಗೆ ತಮಟೆಯಂಥ ಡ್ರಮ್ಮಿನ ಸದ್ದು ಶುರುವಾಯಿತು. "ಇಪ್ಪತ್ತು ನಿಮಿಷ!" ಎಂದು ಅಂಕಲ್ ಕೂಗಿದರು.

"ಈ ಲೇಸ್ ಬಿಚ್ಲಾ?"

ಅವನ ಕೈ ತಟ್ಟನೆ ಶೂ ಮೇಲೆ ಬಂತು. "ಅದು... ಅಪ್ಪ ಪೋಣಿಸಿದ್ದು."

"ಗೊತ್ತು. ಅದಕ್ಕೇ ಕೇಳ್ತಿದೀನಿ. ಅವರು ಪೋಣ್ಸಿದ್ದು ಪೆಟ್ಟಿಗೇಲಿಡಕ್ಕಾ, ನಡೆಯೋಕಾ?"

ಅವನು ಆ ಕುಚ್ಚನ್ನೊಮ್ಮೆ ಸವರಿದ. ಆಮೇಲೆ ಕೈ ತೆಗೆದ.

ಪ್ರಣತಿ ಒಂದೊಂದೇ ರಂಧ್ರದಿಂದ ಲೇಸು ಬಿಡಿಸಿದಳು. ಎಳೆ ಬಿಟ್ಟ ಕುಚ್ಚನ್ನು ಅಮ್ಮ ಕಲಿಸಿದಂತೆ ಬಾಚಿ, ಸುತ್ತಿ, ಹಲ್ಲಿನಲ್ಲಿ ದಾರ ಎಳೆದು ಬಿಗಿದಳು. ಅವನ ಆಫೀಸ್ ಶೂಗಳ ಸಾದಾ ಲೇಸು ತೆಗೆದು ಇದನ್ನು ಪೋಣಿಸಿದಳು. ಅವನ ಹಿಮ್ಮಡಿ ಒರೆಸಿ ಪ್ಲಾಸ್ಟರ್ ಹಚ್ಚಿ, ನೆಲದ ಮೇಲೆ ಕೂತಳು.

"ಅಯ್ಯೋ, ನೀವು ಕಾಲು ಮುಟ್ಟೋದು ಬೇಡ..."

"ಸುಮ್ನಿರಿ. ನಿಮ್ಗೆ ಸುತ್ತಕ್ಕೆ ಬರಲ್ಲ ಅಂತ ಅಂಗಡೀಲೇ ನೋಡಿದೀನಿ."

ಲೇಸನ್ನು ಮುಂದೆ ಮೂರು ಸುತ್ತು ಹೊಸೆದು, ಕಣಕಾಲಿನ ಹಿಂದೆ ಹಾಯಿಸಿ, ಮತ್ತೆ ಮುಂದೆ ತಂದು ಗಂಟು ಹಾಕಿದಳು. ಎರಡು ಕುಚ್ಚೂ ಕಾಲಿನ ಮೇಲೆ ಸಮನಾಗಿ ಇಳಿಬಿದ್ದವು. ಶೂ ಅವನದ್ದು, ಲೇಸು ಅವನ ಅಪ್ಪನದ್ದು.

"ಏಳಿ. ನಡೀರಿ ನೋಡೋಣ."

ಅವನು ನಡೆದ. ಕುಂಟಲಿಲ್ಲ. ಟೆಂಟಿನ ತುದಿಗೆ ಹೋಗಿ ತಿರುಗಿದಾಗ ಅವನ ಕಣ್ಣು ತುಂಬಿದ್ದವು.

ಪ್ರಣತಿ ಫೋನ್ ತೆಗೆದು ಮೈಸೂರಿಗೆ ವಿಡಿಯೋ ಕಾಲ್ ಮಾಡಿದಳು. ಕೌಸಲ್ಯಾ ಮುಖದಲ್ಲಿ ಗಾಬರಿ ಇತ್ತು.

"ಪ್ರಣತಿ... ಹೇಳಿದ್ನಾ ಅವ್ನು? ನಿಂಗೆ ಬೇಸರ ಆಯ್ತೇನಮ್ಮಾ?"

"ಹೇಳಿದ್ರು ಆಂಟಿ. ನೀವು ಮಾತಾಡ್ಬೇಡಿ, ನೋಡ್ತಿರಿ. ಅಂಕಲ್ ಲೇಸ್ ಇದು."

ಹುಲ್ಲುಹಾಸಿನ ಮೇಲೆ ಬಿಸಿಲು ಬಾಗಿತ್ತು. ತಂಡ ಸಾಲಾಗಿ ಹೊರಟಿತು. ವಾದ್ಯಗಳು ಒಟ್ಟಿಗೆ ದನಿ ತೆಗೆದಾಗ ಜನ ಮಾತು ನಿಲ್ಲಿಸಿದರು. ಪ್ರಣತಿ ಅವನ ಪಾದಕ್ಕೆ ಕ್ಯಾಮೆರಾ ಹಿಡಿದಳು. ಹೆಜ್ಜೆ ಹೆಜ್ಜೆಗೂ ಕುಚ್ಚು ಕುಣಿಯುತ್ತಿತ್ತು. ತೊಡೆಯ ಮೇಲೆ ಕುಣಿಯುತ್ತಿದ್ದ ಆ ಬೆರಳುಗಳ ಲೆಕ್ಕ ಅವಳಿಗೆ ಈಗ ಅರ್ಥವಾಯಿತು. ಫೋನಿನೊಳಗಿಂದ ಬಿಕ್ಕುವ ಸದ್ದು ಬಂತು.

"ನೋಡ್ರೀ... ನಿಮ್ಮ ಮಗ ನಡೀತಿದಾನೆ," ಎಂದು ಕೌಸಲ್ಯಾ ಯಾರಿಗೋ ಹೇಳಿಕೊಳ್ಳುತ್ತಿದ್ದರು.

*

ವಾದ್ಯ ಮುಗಿದು ಜನ ಚದುರಿದರು. ಬೆವರಿನಲ್ಲಿ ತೊಯ್ದ ಗಿರಿಧರ್ ಬಂದು ಅವಳ ಪಕ್ಕ ಹುಲ್ಲಿನ ಮೇಲೆ ಕೂತ. ಲೇಸು ಬಿಚ್ಚಲು ಬಗ್ಗಿದವನ ಕೈಯನ್ನು ಅವಳು ತಡೆದಳು.

"ಇರ್ಲಿ ಬಿಡಿ. ಇನ್ನೊಂದ್ಸಲ ಬೇಕಾಗತ್ತೆ."

"ಯಾವಾಗ?"

"ನಮ್ಮಲ್ಲಿ ಮದುವೇಲಿ ಗಂಡು ಕೊಡೆ ಹಿಡ್ಕೊಂಡು ಕಾಶೀಯಾತ್ರೆಗೆ ಹೊರಡ್ತಾನಲ್ಲ... ಹುಡುಗಿ ಅಪ್ಪ ಹೋಗಿ, ಬೇಡಪ್ಪ, ವಾಪಸ್ ಬಾ, ನನ್ನ ಮಗಳನ್ನ ಕೊಡ್ತೀನಿ ಅಂತ ಕರ್ಕೊಂಡ್ ಬರ್ತಾರಲ್ಲ. ಅವತ್ತು ಇದೇ ಶೂ ಹಾಕ್ಕೊಳ್ಳಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಪ್ರಣತಿ... ನಿಜವಾಗ್ಲೂ?"

"ನಿಜ. ನಾನು ಸುಳ್ಳು ಹೇಳಲ್ಲ, ತಂಗಿಗೆ ಶೂ ತಗೊಳ್ಳೋರ ಥರ!"

ಅವನು ನಕ್ಕ. ನಗುನಗುತ್ತಲೇ ಕಣ್ಣೊರೆಸಿಕೊಂಡ.

"ಎಷ್ಟು ದೂರ ಹೋಗ್ಬೇಕು ಕಾಶೀಯಾತ್ರೆಗೆ?"

"ಮಂಟಪದ ಬಾಗಿಲವರೆಗೆ ಸಾಕು," ಎಂದಳು ಅವಳು, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿ. "ಅಪ್ಪ ಬರೋದು ಲೇಟಾದ್ರೆ ನಾನೇ ಓಡಿ ಬರ್ತೀನಿ."